ಬಿಸಿಲಿಗೆ ದೈತ್ಯ ಕುಂಬಳದ ಬಳ್ಳಿ ಸೊರಗ್ತಿದೆ, ದಿನಕ್ಕೆ ಎಷ್ಟು ನೀರು ಹಾಕಬೇಕು?

ಪ್ರಶ್ನೆ (ಫೋಲ್ಸಮ್, ಕ್ಯಾಲಿಫೋರ್ನಿಯಾ)

ನಮಸ್ಕಾರ. ಈ ಸಲ ಹಿತ್ತಲಲ್ಲಿ ಅಟ್ಲಾಂಟಿಕ್ ಜೈಂಟ್ ಅನ್ನೋ ದೈತ್ಯ ಕುಂಬಳದ ತಳಿ ಹಾಕಿದ್ದೇವೆ. ಅಕ್ಟೋಬರ್‌ನಲ್ಲಿ ಎಲ್ಕ್ ಗ್ರೋವ್‌ನ ಕುಂಬಳ ಹಬ್ಬಕ್ಕೆ ತೂಕಕ್ಕೆ ಒಯ್ಯಬೇಕು ಅಂತ ಮಗಳ ಹಟ. ಬಳ್ಳಿ ಚೆನ್ನಾಗಿ ಹಬ್ಬಿದೆ, ಒಂದು ಕಾಯಿ ಕಚ್ಚಿ ಹತ್ತು ಕೆಜಿಯಷ್ಟಾಗಿದೆ. ಆದರೆ ಈ ವಾರ 40 ಡಿಗ್ರಿ ದಾಟಿದೆ. ಮಧ್ಯಾಹ್ನ ಎರಡು ಗಂಟೆಗೆ ನೋಡಿದರೆ ಎಲೆಗಳೆಲ್ಲಾ ಜೋತುಬಿದ್ದಿರುತ್ತವೆ. ನೋಡೋಕಾಗದೆ ಆಗಾಗ ಪೈಪ್ ಹಿಡಿದು ಹಾಕ್ತಾನೇ ಇದ್ದೀನಿ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು? ಬೆಳೆದು ಅನುಭವ ಇರುವವರು ದಯವಿಟ್ಟು ಹೇಳಿ. ನೀರಿನ ಬಿಲ್ ನೋಡಿ ಮನೆಯವರು ಆಗಲೇ ಮುಖ ಗಂಟು ಹಾಕಿಕೊಂಡಿದ್ದಾರೆ.

ಸ್ಯಾಕ್ರಮೆಂಟೊದಿಂದ

ಮೊದಲು ಆ ಪೈಪ್ ಕೆಳಗಿಡಿ ಮೇಡಂ. ಮಧ್ಯಾಹ್ನ ಎಲೆ ಸೊರಗೋದು ಕಾಯಿಲೆ ಅಲ್ಲ. ಇಷ್ಟಗಲದ ಎಲೆಯಿಂದ ಆರಿ ಹೋಗುವಷ್ಟು ವೇಗದಲ್ಲಿ ಬೇರು ನೀರು ಎಳೆಯೋಕಾಗಲ್ಲ, ಕೆಳಗೆ ಕೆರೆ ಇದ್ದರೂ ಅಷ್ಟೇ. ಸಂಜೆ ಏಳೆಂಟು ಗಂಟೆಗೆ ಎಲೆ ಮತ್ತೆ ನೆಟ್ಟಗಾದರೆ ಚಿಂತೆ ಬೇಡ. ಬೆಳಗ್ಗೆ ಆರಕ್ಕೆ ಹೋದಾಗಲೂ ಜೋತುಬಿದ್ದಿದ್ದರೆ ಆಗ ಗಾಬರಿಯಾಗಿ.

ನಾನು ಹೇಳೋದು ಒಂದೇ, ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಸಣ್ಣ ಕರಣೆಯಿಂದ ಆರೆಂಟು ಇಂಚು ತೋಡಿ, ತಳದ ಮಣ್ಣು ಒಂದು ಹಿಡಿ ತೆಗೆದು ಗಟ್ಟಿಯಾಗಿ ಅದುಮಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ಜಾಸ್ತಿಯಾಗಿದೆ. ಉಂಡೆಯಾಗಿ ನಿಂತು ಅಂಗೈ ಸ್ವಲ್ಪ ತೇವ ಆದರೆ ಹದ ಸರಿ ಇದೆ. ಉಂಡೆ ಕಟ್ಟದೆ ಉದುರಿದರೆ ಬೇರಿಗೆ ನೀರು ಮುಟ್ಟಿಲ್ಲ. ಕುಂಬಳದ ಬೇರು ಆಳಕ್ಕಿಂತ ಅಗಲಕ್ಕೆ ಜಾಸ್ತಿ ಓಡುತ್ತದೆ, ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರುತ್ತದೆ. ಅದಕ್ಕೇ ಬುಡಕ್ಕೆ ಮಾತ್ರ ಸುರಿದರೆ ಉಪಯೋಗ ಕಡಿಮೆ, ಬಳ್ಳಿ ಹಬ್ಬಿರುವ ಜಾಗವೆಲ್ಲಾ ನೆನೆಯಬೇಕು. ಬುಡ ಯಾವಾಗಲೂ ಒದ್ದೆ ಇದ್ದರೆ ಅಲ್ಲೇ ಕೊಳೆಯುತ್ತದೆ, ಅದು ಬೇರೆ ತಲೆನೋವು.

ಲೆಕ್ಕ ಬೇಕು ಅಂದ್ರಲ್ಲ. ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನಮ್ಮ ಕಣಿವೆಯಲ್ಲಿ ಜುಲೈ ಬಿಸಿಲಿಗೆ ದಿನಕ್ಕೆ ಆರೇಳು ಮಿಲಿಮೀಟರ್ ಆರಿ ಹೋಗುತ್ತದೆ. ಸಿಮಿಸ್ ಅಂತ ರಾಜ್ಯ ಸರ್ಕಾರದ ಹವಾಮಾನ ಕೇಂದ್ರಗಳಿವೆ, ದಿನದ ಅಂಕಿ ಪುಕ್ಕಟೆ ಸಿಗುತ್ತದೆ, ನೋಡ್ತಾ ಇರಿ. ನಿಮ್ಮ ಬಳ್ಳಿ 50 ಚದರ ಮೀಟರ್ ಹಬ್ಬಿದ್ದರೆ ದಿನಕ್ಕೆ 350 ಲೀಟರ್, ಅಂದರೆ ಹತ್ತಿರಹತ್ತಿರ 90 ಗ್ಯಾಲನ್. ಅರ್ಧವೇ ಹಬ್ಬಿದ್ದರೆ ಅರ್ಧ. ಐದು ಗ್ಯಾಲನ್ ಬಕೆಟ್ ಇಟ್ಟು ನಿಮ್ಮ ಪೈಪ್‌ನಲ್ಲಿ ತುಂಬೋಕೆ ಎಷ್ಟು ಹೊತ್ತು ಅಂತ ನೋಡಿದರೆ ಎಷ್ಟು ನಿಮಿಷ ಬಿಡಬೇಕು ಅಂತ ಗೊತ್ತಾಗುತ್ತದೆ. ಡ್ರಿಪ್ ಇದ್ದರೆ ಇನ್ನೂ ಸುಲಭ: ಗಂಟೆಗೆ ಎರಡು ಲೀಟರಿನ 60 ಡ್ರಿಪ್ಪರ್ ಅಂದರೆ ಗಂಟೆಗೆ 120 ಲೀಟರ್, ಮೂರು ಗಂಟೆ ಬಿಟ್ಟರೆ ದಿನದ ಕೆಲಸ ಮುಗೀತು. ಬೆಳಗಿನ ಜಾವ ಬಿಡಿ. ಮಣ್ಣು ಕುಡಿಯೋಕೆ ಸಮಯ ಸಿಗುತ್ತೆ, ಬಿಸಿಲಿಗೆ ಹಾರಿಹೋಗೋದೂ ಕಡಿಮೆ.

ಇನ್ನೊಂದು ಮಾತು. ಜೋರು ಬಿಸಿಲಲ್ಲಿ ದಪ್ಪ ಆಗೋದಕ್ಕಿಂತ ಉಳಿಸಿಕೊಳ್ಳೋದೇ ದೊಡ್ಡದು. 2023ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ 2,749 ಪೌಂಡ್, ಅಂದರೆ 1,247 ಕೆಜಿ ತೂಗಿ ವಿಶ್ವದಾಖಲೆ ಮಾಡಿದ ಕಾಯಿ ಬೆಳೆದದ್ದು ಮಿನ್ನೆಸೋಟದಲ್ಲಿ. ಅಲ್ಲಿಯ ಬೇಸಿಗೆಯೇ ಬೇರೆ. ನಮ್ಮ ಕಾಯಿಯನ್ನ ಅದರ ಪಕ್ಕ ಇಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಡೆನ್ವರ್‌ನಿಂದ

ಮೇಲಿನವರು ಕಾಯಿಗೆ ನೆರಳು ಮಾಡೋದು ಹೇಳಲಿಲ್ಲ. ಬಿಸಿಲು ನೇರವಾಗಿ ಬಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗುತ್ತದೆ, ಒಳಗೆ ತಿರುಳು ಬೆಳೆಯೋ ವೇಗಕ್ಕೆ ಸಿಪ್ಪೆ ಹಿಗ್ಗಲ್ಲ, ಆಮೇಲೆ ಬಿರುಕು. ನಾಲ್ಕು ಕೋಲು ನೆಟ್ಟು ಹಳೇ ಬಿಳಿ ಬೆಡ್‌ಶೀಟ್ ಕಟ್ಟಿ, ಸುತ್ತ ಗಾಳಿ ಆಡಲಿ. ಟಾರ್ಪಾಲ್ ಮಾತ್ರ ಕಾಯಿಗೆ ಸುತ್ತಬೇಡಿ, ಒಳಗೆ ಬೆಂದುಹೋಗುತ್ತೆ.

ನಮ್ಮಲ್ಲಿ ಬಿಸಿಲಿಗಿಂತ ಒಣಗಾಳಿ ಕಾಟ. ಎಲೆ ಮಗುಚಿ ತೊಟ್ಟು ಮುರಿದುಬಿಡುತ್ತೆ. ಗಾಳಿ ಬರುವ ಕಡೆ ಬಲೆ ಕಟ್ಟಿದ್ದೇನೆ, ಅಷ್ಟರಲ್ಲೇ ಎಷ್ಟೋ ವಾಸಿ. ಮಧ್ಯಾಹ್ನ ಮಂಜಿನ ಥರ ನೀರು ಚಿಮುಕಿಸೋ ನಳಿಕೆ ಒಂದೆರಡು ನಿಮಿಷ ಬಿಡ್ತೀನಿ, ಎಲೆ ತಂಪಾಗೋಕೆ ಮಾತ್ರ, ಬೇರಿಗಲ್ಲ. ಸಂಜೆ ಮಾತ್ರ ಎಲೆ ಒದ್ದೆ ಮಾಡಬೇಡಿ. ರಾತ್ರಿಯೆಲ್ಲಾ ಎಲೆ ಒದ್ದೆ ಇದ್ದರೆ ಚುಕ್ಕೆ ರೋಗ ಹತ್ತಿಕೊಳ್ಳುತ್ತೆ. ಬೂದಿ ರೋಗದ ಕಥೆ ಬೇರೆ, ಅದಕ್ಕೆ ಎಲೆ ಒದ್ದೆ ಆಗಬೇಕು ಅಂತೇನಿಲ್ಲ, ಒಣ ಹವೆಯಲ್ಲೂ ಬರುತ್ತೆ.

ಆಸ್ಟಿನ್‌ನಿಂದ

ಬೆಳಗ್ಗೆಯೂ ಸೊರಗಿದ್ದರೆ ಅಂದ್ರಲ್ಲ, ಅದಕ್ಕೆ ಒಂದು ಸೇರಿಸ್ತೀನಿ. ಬುಡದ ಹತ್ತಿರ ಬಳ್ಳಿಯಲ್ಲಿ ತೂತು, ಪಕ್ಕದಲ್ಲಿ ಮರದ ಹೊಟ್ಟಿನಂಥ ಹಳದಿ ಪುಡಿ ಕಂಡರೆ ಅದು ಕಾಂಡ ಕೊರಕ ಹುಳು. ನೀರು ಹಾಕಿ ಪ್ರಯೋಜನ ಇಲ್ಲ. ಬ್ಲೇಡಿನಿಂದ ಬಳ್ಳಿಯನ್ನ ಉದ್ದಕ್ಕೆ ಸೀಳಿ, ಬಿಳಿ ಹುಳು ತೆಗೆದು, ಆ ಭಾಗಕ್ಕೆ ಒದ್ದೆ ಮಣ್ಣು ಮುಚ್ಚಿ. ಎಷ್ಟೋ ಸಲ ಬದುಕಿಕೊಳ್ಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಈ ಹುಳು ಅಪರೂಪ, ಪುಣ್ಯವಂತರು ನೀವು. ನಮ್ಮಲ್ಲಂತೂ ಚಳಿ ಮುಗೀತಿದ್ದಂತೆ ಹಾಕಿ, ಬಿಸಿಲು ತಲೆ ಮೇಲೆ ಬರೋ ಮುಂಚೆ ಕಾಯಿ ಕಚ್ಚಿಸಿಬಿಡಬೇಕು. ತಡವಾದರೆ ಹೀಚು ಹಳದಿಯಾಗಿ ಉದುರುತ್ತವೆ.

ಚಳ್ಳಕೆರೆಯಿಂದ

ಸಾವಿರ ಕೆಜಿ ಅಂದಿದ್ದು ಓದಿ ನಗು ಬಂತು ಸ್ವಾಮಿ. ನಾವು ಹಾಕೋ ಅರ್ಕ ಚಂದನ್ ತಳಿ ಕುಂಬಳ ಎರಡು ಮೂರು ಕೆಜಿ ಬಂದರೆ ಸಂತೆಗೆ ಸರಿ, ಅದಕ್ಕಿಂತ ದೊಡ್ಡದನ್ನ ಹೋಳು ಮಾಡಿ ಮಾರಬೇಕು. ಆದರೆ ಬಿಸಿಲು ನಿಮ್ಮಲ್ಲೂ ಅದೇ, ನಮ್ಮಲ್ಲೂ ಅದೇ.

ನೀರು ಉಳಿಬೇಕು ಅಂದರೆ ನೆಲ ಮುಚ್ಚಿ. ಡ್ರಿಪ್ ಪೈಪ್ ಹಾಸಿ, ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹರಡಿ. ಬುಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಹುಳ ಸೇರಿಕೊಳ್ಳುತ್ತವೆ. ಪ್ಲಾಸ್ಟಿಕ್ ಶೀಟ್ ಹಾಕೋದಾದರೆ ಬೆಳ್ಳಿ ಬಣ್ಣದ ಮಗ್ಗುಲು ಮೇಲಿರಲಿ, ಕಪ್ಪು ಮೇಲಾದರೆ ನೆಲ ಕಾಯುತ್ತೆ. ಬಳ್ಳಿ ಗೆಣ್ಣಿಗೆ ಒಂದು ಬೊಗಸೆ ಮಣ್ಣು ಹಾಕಿ ತೇವ ಇಟ್ಟರೆ ಅಲ್ಲೂ ಬೇರು ಬಿಡುತ್ತೆ, ಒಣಗಿದ ನೆಲದಲ್ಲಿ ಬಿಡಲ್ಲ. ಗೆಣ್ಣಿಗೊಂದು ಬೇರು ಆದರೆ ಬಳ್ಳಿ ಬುಡದ ನೀರನ್ನೇ ನಂಬಿ ಕೂರಲ್ಲ.

ಬೋರ್ ನೀರಾದರೆ ಡ್ರಿಪ್ಪರ್ ಸುತ್ತ ಬೆಳ್ಳಗೆ ಉಪ್ಪು ಕಟ್ಟುತ್ತೆ, ಕಂಡರೆ ಒಂದು ದಿನ ಜಾಸ್ತಿ ಹೊತ್ತು ನೀರು ಬಿಟ್ಟು ಕೆಳಕ್ಕೆ ಇಳಿಸಿ.

ಫೋಲ್ಸಮ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಎಲೆ ನೆಟ್ಟಗಿತ್ತು. ತೋಡಿ ನೋಡಿದರೆ ಮೇಲೆ ಎರಡು ಇಂಚು ಒದ್ದೆ, ಅದರ ಕೆಳಗೆ ಬರೀ ಪುಡಿ ಮಣ್ಣು! ಇಷ್ಟು ದಿನ ಹಾಕಿದ್ದೆಲ್ಲಾ ಎಲ್ಲಿ ಹೋಯ್ತು? ಇವತ್ತೇ 90 ಗ್ಯಾಲನ್ ಬಿಟ್ಟುಬಿಡಲಾ?

ಸ್ಯಾಕ್ರಮೆಂಟೊದಿಂದ

ಬೇಡ ಬೇಡ! ಒಣಗಿದ ಬಳ್ಳಿಗೆ ಒಂದೇ ಸಲ ಅಷ್ಟು ನೀರು ಸಿಕ್ಕರೆ ಕಾಯಿ ದಿಢೀರನೆ ಹಿಗ್ಗಿ ತೊಟ್ಟಿನ ಹತ್ತಿರವೋ ಕೆಳಗಿನ ತುದಿಯಲ್ಲೋ ಸೀಳಿಬಿಡುತ್ತೆ. ಸೀಳು ಒಳಗಿನ ಟೊಳ್ಳಿನವರೆಗೂ ಹೋದರೆ ಸ್ಪರ್ಧೆಗೂ ತಗೊಳ್ಳಲ್ಲ. ಇವತ್ತು 30 ಗ್ಯಾಲನ್, ಬೆಳಗ್ಗೆ ಅರ್ಧ, ಇನ್ನರ್ಧ ಸಂಜೆ ಬಿಸಿಲಿಳಿದ ಮೇಲೆ ನೆಲಕ್ಕೆ ಮಾತ್ರ. ನಾಳೆ ತೋಡಿ ನೋಡಿ ಸ್ವಲ್ಪ ಏರಿಸಿ. ನಾಲ್ಕೈದು ದಿನದಲ್ಲಿ ಪೂರ್ತಿ ಲೆಕ್ಕಕ್ಕೆ ಬನ್ನಿ. ಆಮೇಲೆ ದಿನಾ ಅದೇ ಹೊತ್ತು, ಹೆಚ್ಚುಕಡಿಮೆ ಅಷ್ಟೇ ನೀರು, ಹವೆ ತಂಪಾದ ದಿನ ಕಡಿಮೆ. ಪೈಪ್ ಹಿಡಿದು ಚಿಮುಕಿಸಿದ ನೀರು ಮೇಲೆಯೇ ಆರಿಹೋಗಿದೆ, ಬಿಲ್ ಬಂದಿದ್ದು ಅದಕ್ಕೇ. ನಿಮ್ಮೂರಲ್ಲಿ ತೋಟಕ್ಕೆ ನೀರು ಬಿಡೋಕೆ ವಾರದಲ್ಲಿ ಇಂತಿಂಥ ದಿನ ಅಂತ ನಿಯಮ ಇದೆಯಾ ನೋಡಿಕೊಳ್ಳಿ, ಡ್ರಿಪ್‌ಗೆ ಎಷ್ಟೋ ಕಡೆ ವಿನಾಯಿತಿ ಇರುತ್ತೆ.

ದಿನಾ ಸಂಜೆ ಕಾಯಿ ಸುತ್ತಳತೆ ಟೇಪ್‌ನಲ್ಲಿ ಅಳೆದು ಬರೆದಿಡೋ ಕೆಲಸ ಮಗಳಿಗೆ ಕೊಡಿ. ಅಳತೆ ಒಂದೆರಡು ದಿನ ನಿಂತರೆ ಮತ್ತೆ ತೋಡಿ ನೋಡಿ. ಮತ್ತೆ ಬಳ್ಳಿಯಲ್ಲಿ ಬೇರೆ ಹೀಚು ಇದ್ದರೆ ಕಿತ್ತುಬಿಡಿ, ಒಂದೇ ಕಾಯಿ ಸಾಕು. ಪಕ್ಕದ ಕುಡಿಗಳನ್ನೂ ಚಿವುಟಿ, ಎಲೆ ಕಡಿಮೆಯಾದಷ್ಟು ನೀರೂ ಕಡಿಮೆ ಸಾಕು. ಔಷಧಿ ಹೊಡೆದಿಲ್ಲ ಅಂದರೆ ಆ ಕುಡಿಗೆ ತೊಗರಿಬೇಳೆ ಹಾಕಿ ಪಲ್ಯ ಮಾಡಿ, ಮನೆಯವರ ಮುಖವೂ ಸ್ವಲ್ಪ ಸಡಿಲ ಆಗುತ್ತೆ. ದೊಡ್ಡ ಕಾಯಿಯನ್ನ ಮಾತ್ರ ಹುಳಿಗೆ ಅಂತ ನಂಬಬೇಡಿ, ಅದು ಬರೀ ನೀರು, ರುಚಿಯಿಲ್ಲ. ಅಡುಗೆಗೆ ಬೇಕಾದರೆ ಮೂಲೆಯಲ್ಲಿ ಬೇರೆ ಬೀಜ ಹಾಕಿ.