ನರ್ಸಿಂಗ್ ಪಿಎಚ್‌.ಡಿ.: ಜರ್ನಲ್ ಲೇಖನಗಳನ್ನು ವಿಮರ್ಶಾತ್ಮಕವಾಗಿ ಓದುವುದು ಹೇಗೆ?

ಪ್ರಶ್ನೆ:
ನರ್ಸಿಂಗ್ ವಿಷಯದಲ್ಲಿ ಪಿಎಚ್‌.ಡಿ. ಆರಂಭಿಸಿದ್ದೇನೆ. ವಾರ್ಡಿನ ಕೆಲಸದಲ್ಲಿ ಪಳಗಿದವರಿಗೂ ಸಂಶೋಧನಾ ಲೇಖನದ ವಾದವನ್ನು ಒಪ್ಪುವ ಮುನ್ನ ಪರೀಕ್ಷಿಸುವುದು ಸುಲಭವಲ್ಲ. ಓದನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ 1:
ಸಾರಾಂಶವಾದ ಮೇಲೆ ನೇರವಾಗಿ ಸಂಶೋಧನಾ ವಿಧಾನದ ಭಾಗಕ್ಕೆ ಹೋಗಿ. ಚರ್ಚೆಯ ಭಾಗವನ್ನು ಕಡೆಗೆ ಇಟ್ಟುಕೊಳ್ಳಿ, ಏಕೆಂದರೆ ಲೇಖಕರ ವ್ಯಾಖ್ಯಾನ ಮೊದಲೇ ತಲೆಗೆ ಹೊಕ್ಕರೆ ಕೋಷ್ಟಕಗಳನ್ನು ಅವರ ಕಣ್ಣಿನಿಂದಲೇ ನೋಡುತ್ತೇವೆ. ಉದಾಹರಣೆಗೆ, ರೋಗಿಯ ಮಗ್ಗುಲು ಬದಲಿಸುವ ಹೊಸ ವೇಳಾಪಟ್ಟಿಯಿಂದ ಒತ್ತಡದ ಹುಣ್ಣುಗಳು (ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದಾಗ ಆಗುವ ಹುಣ್ಣುಗಳು) ಕಡಿಮೆಯಾದವೆಂದು ಬರೆದಿದ್ದು, ಸಾಪೇಕ್ಷ ಅಪಾಯ (ಹಳೆಯ ಪದ್ಧತಿಯ ಗುಂಪಿಗೆ ಹೋಲಿಸಿದರೆ ಹೊಸ ಪದ್ಧತಿಯ ಗುಂಪಿನ ಅಪಾಯ ಎಷ್ಟು ಪಾಲು ಎಂಬ ಅನುಪಾತ) 0.82, ಅದರ ಶೇ. 95ರ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಯ ಅಂದಾಜು) 0.60ರಿಂದ 1.12 ಎಂದಿದ್ದರೆ, ಆ ವ್ಯಾಪ್ತಿಯೊಳಗೆ 1 (ಅಂದರೆ ಎರಡೂ ಗುಂಪುಗಳ ಅಪಾಯ ಸಮಾನ) ಕೂಡ ಸೇರಿರುವುದರಿಂದ ಹುಣ್ಣುಗಳು ಕಡಿಮೆಯಾದವೆಂದು ಖಚಿತವಾಗಿ ಹೇಳಲು ಬರುವುದಿಲ್ಲ.

ಉತ್ತರ 2:
ಉತ್ತರ 1ರ ಸಲಹೆ ಪರಿಮಾಣಾತ್ಮಕ, ಅಂದರೆ ಅಂಕಿಅಂಶಗಳನ್ನು ಆಧರಿಸಿದ ಅಧ್ಯಯನಗಳಿಗೆ ಸರಿ. ಜನರ ಮಾತು, ಅನುಭವಗಳನ್ನು ಆಧರಿಸಿದ ಗುಣಾತ್ಮಕ ಅಧ್ಯಯನಗಳಲ್ಲಿ ಸಂದರ್ಶಕರಿಗೂ ರೋಗಿಗಳಿಗೂ ಇದ್ದ ಸಂಬಂಧವನ್ನು ಮೊದಲು ಗಮನಿಸಿ: ಆರೈಕೆ ಮಾಡಿದ ನರ್ಸೇ ಸಂದರ್ಶನ ನಡೆಸಿದ್ದರೆ ರೋಗಿ ದೂರು ಹೇಳಲು ಹಿಂಜರಿದಿರಬಹುದು. ಹಾಗೆಯೇ, ಲೇಖನಗಳ ಹುಡುಕಾಟಕ್ಕೆ ವೈದ್ಯಕೀಯ ಲೇಖನಗಳ ಆನ್‌ಲೈನ್ ದತ್ತಸಂಚಯವಾದ ಪಬ್‌ಮೆಡ್ ಒಂದನ್ನೇ ನೆಚ್ಚಿಕೊಳ್ಳದೆ, ನರ್ಸಿಂಗ್ ಸಾಹಿತ್ಯಕ್ಕೆಂದೇ ರೂಪುಗೊಂಡ ಸಿನಾಲ್ (CINAHL) ದತ್ತಸಂಚಯವನ್ನೂ ಬಳಸಿ.

ಉತ್ತರ 3:
ಕಳೆದ ಐದು ವರ್ಷಗಳ ಲೇಖನಗಳನ್ನು ಮಾತ್ರ ಓದಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ‘ನರ್ಸಿಂಗ್ ರಿಸರ್ಚ್’ ಜರ್ನಲ್ 1952ರಿಂದಲೇ ಪ್ರಕಟವಾಗುತ್ತಿದೆ. ನೀವು ಬಳಸುವ ಮಾಪನ ಸಾಧನ (ರೋಗಿಯ ಸ್ಥಿತಿಯನ್ನು ಅಳೆಯುವ ಪ್ರಶ್ನಾವಳಿಯಂಥದ್ದು) ಯಾವ ರೋಗಿಗಳಿಗಾಗಿ ರೂಪುಗೊಂಡಿತೆಂಬುದು ಬಹಳಷ್ಟು ಸಲ ತಿಳಿಯುವುದು ಅಂಥ ಹಳೆಯ ಸಂಚಿಕೆಗಳಲ್ಲಿಯೇ.