ಪಕ್ಕಪಕ್ಕದ ಎರಡು ಹೊಲ, ಒಂದೇ ಕೆಂಪು ಮಣ್ಣು: ವ್ಯತ್ಯಾಸ ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಉಷ್ಣವಲಯದ ಕೆಂಪು ಮಣ್ಣು. ಪಕ್ಕಪಕ್ಕದಲ್ಲೇ ಎರಡು ತುಂಡು ಜಮೀನಿದೆ. ಒಂದರಲ್ಲಿ ಬಹಳ ವರ್ಷದಿಂದ ಮೆಕ್ಕೆಜೋಳ. ಪ್ರತಿ ಹಂಗಾಮಿಗೂ ರೋಟವೇಟರ್ ಹೊಡೆಸುತ್ತೇವೆ, ಯೂರಿಯಾ ಹಾಕುತ್ತೇವೆ. ಕಟಾವಾದ ಮೇಲೆ ದಂಟೆಲ್ಲ ಹೊರಗೆ ಹೋಗುತ್ತದೆ. ಇನ್ನೊಂದರಲ್ಲಿ ಹಣ್ಣಿನ ಗಿಡ. ಉಳುಮೆ ಇಲ್ಲ, ಉದುರಿದ ಎಲೆ ಅಲ್ಲೇ ಕೊಳೆಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದೆ. ಜೋಳದ ಹೊಲದಲ್ಲಿ ಪಿಎಚ್ 5.1, ಸಾವಯವ ಇಂಗಾಲ 0.5%. ತೋಟದಲ್ಲಿ ಪಿಎಚ್ 5.9, ಇಂಗಾಲ 1.3%. ರಂಜಕ ಎರಡರಲ್ಲೂ ಕಡಿಮೆ. ಜೋಳದ ಹೊಲದಲ್ಲಿ ಮಳೆ ನೀರು ಇಂಗುವುದೇ ಇಲ್ಲ, ಹರಿದು ಹೋಗುತ್ತದೆ. ನಾಲ್ಕು ದಿನ ಬಿಸಿಲಾದರೆ ಗಿಡ ಬಾಡುತ್ತದೆ. ಮಣ್ಣು ಒಂದೇ ಅಲ್ವಾ? ಗೊಬ್ಬರ ಜಾಸ್ತಿ ಮಾಡಲಾ?

ಉತ್ತರ: ನಮಸ್ಕಾರ. ಗೊಬ್ಬರ ಈಗಲೇ ಜಾಸ್ತಿ ಮಾಡಬೇಡಿ. ನಿಮ್ಮ ಹೊಲಕ್ಕೆ ಗೊಬ್ಬರದ ಕೊರತೆಗಿಂತ ಅದನ್ನು ಹಿಡಿದಿಡುವ ಶಕ್ತಿಯ ಕೊರತೆ ದೊಡ್ಡದು.

ಮಣ್ಣು ಒಂದೇ ಅನ್ನುವುದು ಅರ್ಧ ನಿಜ. ಮರಳು, ಜೇಡಿ ಎರಡೂ ಕಡೆ ಒಂದೇ ಇರಬಹುದು. ಆದರೆ ಈ ಜೇಡಿಯ ಸ್ವಭಾವ ಗೊತ್ತಿರಬೇಕು. ಬಿಸಿಲು, ಮಳೆ ಜಾಸ್ತಿ ಇರುವ ಕಡೆ ಸಾವಿರಾರು ವರ್ಷ ತೊಳೆದು ಹೋದ ಕೆಂಪು ಮಣ್ಣಿನಲ್ಲಿ ಉಳಿಯುವುದು ಮುಖ್ಯವಾಗಿ ಕೆಯೊಲಿನೈಟ್ ಎಂಬ ಜೇಡಿ, ಜೊತೆಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಹಿಡಿದುಕೊಳ್ಳುವ ಸಾಮರ್ಥ್ಯಕ್ಕೆ ನಾವು ಸಿಇಸಿ ಅನ್ನುತ್ತೇವೆ. ಕೆಯೊಲಿನೈಟ್‌ನಲ್ಲಿ ಅದು ಕಿಲೋಗೆ 3ರಿಂದ 15 ಸೆಂಟಿಮೋಲ್ (ಸಿಇಸಿ ಅಳೆಯುವ ಮಾನ) ಅಷ್ಟೇ. ಕಪ್ಪು ಮಣ್ಣಿನ ಸ್ಮೆಕ್ಟೈಟ್ ಜೇಡಿಯಲ್ಲಿ 80ರಿಂದ 120. ಚೆನ್ನಾಗಿ ಕಳಿತ ಸಾವಯವ ವಸ್ತುವಿನಲ್ಲಿ 150 ದಾಟುತ್ತದೆ. ಅಂದರೆ ನಿಮ್ಮಂಥ ಮಣ್ಣಿನಲ್ಲಿ ಪೋಷಕಾಂಶ ಹಿಡಿದಿಡುವ ಕೆಲಸದ ದೊಡ್ಡ ಪಾಲು ಸಾವಯವ ಅಂಶದ ಮೇಲೆ ಬೀಳುತ್ತದೆ. ಇಂಗಾಲ 1.3ರಿಂದ 0.5ಕ್ಕೆ ಇಳಿಯಿತು ಅಂದರೆ ಉಗ್ರಾಣವೇ ಚಿಕ್ಕದಾಯಿತು. ಯೂರಿಯಾ, ಪೊಟ್ಯಾಷ್ ಎಷ್ಟೇ ಸುರಿದರೂ ಮಳೆ ಜೊತೆ ಕೆಳಗೆ ಹೋಗುತ್ತದೆ.

ಇಲ್ಲಿ ಕಳಿಯುವ ವೇಗವೂ ಜಾಸ್ತಿ. 1977ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ವಿಕಿರಣಶೀಲ ಇಂಗಾಲದಿಂದ ಗುರುತು ಹಾಕಿದ ಹುಲ್ಲನ್ನು ನೈಜೀರಿಯಾದ ಇಬಾದಾನ್‌ನಲ್ಲಿ ಮಣ್ಣಿಗೆ ಸೇರಿಸಿ ನೋಡಿದರು. ಇಂಗ್ಲೆಂಡಿನಲ್ಲಿ ಕಂಡದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ಅದು ಕೊಳೆಯಿತು. ಹೀಗಿರುವಾಗ ವರ್ಷ ವರ್ಷ ದಂಟು ಹೊರಗೆ ಸಾಗಿಸಿ, ರೋಟವೇಟರ್‌ನಿಂದ ಮಣ್ಣು ಪುಡಿ ಮಾಡಿ ಗಾಳಿಗೆ ಒಡ್ಡಿದರೆ ಉಳಿಯುವುದೇನು?

ನೀರು ಇಂಗದಿರುವುದಕ್ಕೂ ಕಾರಣ ಇದೇ. ಮಣ್ಣಿನ ಕಣಗಳು ಅಂಟಿಕೊಂಡು ಸಣ್ಣ ಸಣ್ಣ ಉಂಡೆ ಆಗಿರಬೇಕು. ಉಂಡೆಗಳ ನಡುವಿನ ದೊಡ್ಡ ಸಂದಿಯಲ್ಲೇ ಮಳೆ ನೀರು ಇಳಿಯುವುದು. ಅಂಟು ಕಡಿಮೆಯಾದರೆ ದಪ್ಪ ಹನಿ ಬಿದ್ದ ತಕ್ಷಣ ಉಂಡೆ ಒಡೆಯುತ್ತದೆ, ನುಣ್ಣನೆ ಕಣ ಸಂದಿ ಮುಚ್ಚುತ್ತದೆ, ಒಣಗಿದರೆ ಮೇಲೆ ತೆಳು ಹಕ್ಕಳೆ ಕಟ್ಟುತ್ತದೆ. ಕಬ್ಬಿಣದ ಆಕ್ಸೈಡ್ ತುಂಬಾ ಇರುವ ಕೆಲವು ಕೆಂಪು ಮಣ್ಣು ಉಳುಮೆ ತಡೆದುಕೊಳ್ಳುತ್ತದೆ, ಉಂಡೆ ಗಟ್ಟಿ ಇರುತ್ತದೆ. ನಿಮ್ಮದು ಆ ಜಾತಿಯಲ್ಲ ಅನ್ನಿಸುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಎರಡೂ ಕಡೆಯಿಂದ ಕಡಲೆಕಾಳಿನಷ್ಟು ದಪ್ಪದ ನಾಲ್ಕಾರು ಒಣ ಹೆಂಟೆ ತನ್ನಿ. ಎರಡು ಗಾಜಿನ ಲೋಟದಲ್ಲಿ ಮಳೆ ನೀರು ಹಾಕಿ, ಮೆಲ್ಲಗೆ ಬಿಡಿ, ಅಲ್ಲಾಡಿಸಬೇಡಿ. ಐದು ನಿಮಿಷ ನೋಡಿ. ಹೆಂಟೆ ಕುಸಿದು ರಾಶಿಯಾದರೆ ಸಾವಯವ ಅಂಟು ಸಾಲದು. ಒಂದೆರಡು ಗಂಟೆ ಬಿಟ್ಟರೆ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದರೆ ಅದು ಬೇರೆ ತೊಂದರೆ, ಸೋಡಿಯಂ ಜಾಸ್ತಿ ಇರುವ ಲಕ್ಷಣ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ.

ಮರುಪ್ರಶ್ನೆ: ಮಾಡಿದೆ ಮೇಡಂ. ಜೋಳದ ಹೊಲದ ಹೆಂಟೆ ಎರಡು ನಿಮಿಷದಲ್ಲೇ ಕುಸಿಯಿತು. ತೋಟದ್ದು ಗಟ್ಟಿ ಇತ್ತು, ಅಂಚಿನಲ್ಲಿ ಸ್ವಲ್ಪ ಉದುರಿತು ಅಷ್ಟೇ. ಮೋಡ ಎರಡರಲ್ಲೂ ಇಲ್ಲ. ಮಣ್ಣು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯಬಹುದಾ?

ಉತ್ತರ: ಅಳೆಯಬಹುದು, ಅಳೆಯಲೇಬೇಕು. ಪರೀಕ್ಷಾ ವರದಿಯಲ್ಲಿ ಸಾಮಾನ್ಯವಾಗಿ ಇದು ಇರುವುದೇ ಇಲ್ಲ. ನನಗಂತೂ ಇದು ದೊಡ್ಡ ಕೊರತೆ ಅನ್ನಿಸುತ್ತದೆ.

5 ಸೆಂ.ಮೀ. ಒಳವ್ಯಾಸ, 5 ಸೆಂ.ಮೀ. ಎತ್ತರದ ಕಬ್ಬಿಣದ ಬಳೆ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 98 ಘನ ಸೆಂ.ಮೀ. ಮಣ್ಣು ಹಿಡಿಯುತ್ತದೆ. ಮಣ್ಣು ಹದವಾಗಿದ್ದಾಗ ಮೇಲೊಂದು ಹಲಗೆ ತುಂಡು ಇಟ್ಟು ನೇರವಾಗಿ ಬಡಿದು ಇಳಿಸಿ. ಸುತ್ತ ಅಗೆದು ಬಳೆ ಎತ್ತಿ, ಎರಡು ಕಡೆಯೂ ಚಾಕುವಿನಿಂದ ಸಮ ಮಾಡಿ. 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ತೂಕ ಮಾಡಿ. 152 ಗ್ರಾಂ ಬಂತು ಅಂತಿಟ್ಟುಕೊಳ್ಳಿ. 98ರಿಂದ ಭಾಗಿಸಿದರೆ 1.55. ಇದೇ ಸ್ಥೂಲ ಸಾಂದ್ರತೆ. ಮಣ್ಣಿನ ಕಣದ ಸಾಂದ್ರತೆ ಸುಮಾರು 2.65 ಇರುವುದರಿಂದ ಒಳಗಿನ ಸಂದಿ 41-42% ಮಾತ್ರ. 120 ಗ್ರಾಂ ಬಂದರೆ ಸಾಂದ್ರತೆ 1.22, ಸಂದಿ 54%. ಜೇಡಿ ಮಣ್ಣಿನಲ್ಲಿ 1.45 ದಾಟಿದರೆ ಬೇರಿಗೆ ಕಷ್ಟ. ಮರಳು ಮಣ್ಣಿನಲ್ಲಿ 1.75ರ ತನಕ ಬೇರು ಹೇಗೋ ಇಳಿಯುತ್ತದೆ. ಹಾಗಾಗಿ ಸಂಖ್ಯೆಯನ್ನು ಮಣ್ಣಿನ ಜಾತಿ ಬಿಟ್ಟು ಓದಬೇಡಿ.

ಮೇಲಿನ ಪದರ ಒಂದೇ ಅಳೆದರೆ ಸಾಲದು. ರೋಟವೇಟರ್ ಮೇಲಿನ ಒಂದು ಗೇಣು ಸಡಿಲ ಮಾಡುತ್ತದೆ, ಅದರ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. 15ರಿಂದ 25 ಸೆಂ.ಮೀ. ಆಳದಲ್ಲಿ ಇನ್ನೊಂದು ಬಳೆ ಇಳಿಸಿ. ಒಂದು ಜೋಳದ ಗಿಡದ ಪಕ್ಕ ಗುಂಡಿ ತೆಗೆದು ಬೇರೂ ನೋಡಿ. ಬೇರು ಕೆಳಗಿಳಿಯದೆ ಅಡ್ಡ ತಿರುಗಿದ್ದರೆ ಗಟ್ಟಿ ಪದರ. ತುದಿ ದಪ್ಪವಾಗಿ ಮೊಂಡಾಗಿ, ಕವಲು ಬೇರು ಕಡಿಮೆ ಇದ್ದರೆ ಅಲ್ಯೂಮಿನಿಯಂ ವಿಷ. ಪಿಎಚ್ 5.1 ಇರುವ ಹೊಲದಲ್ಲಿ ಎರಡೂ ಒಟ್ಟಿಗೆ ಸಿಗಬಹುದು.

ಮರುಪ್ರಶ್ನೆ: ಹಾಗಾದರೆ ಸುಣ್ಣ ಹಾಕಲಾ? ಪಿಎಚ್ 7 ಆಗುವ ತನಕ ಹಾಕಿ ಅಂತ ಒಬ್ಬರು ಹೇಳಿದರು.

ಉತ್ತರ: ಸುಣ್ಣ ಬೇಕು, 7 ಬೇಡ. ಪಿಎಚ್ 5.5ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಅದನ್ನು ಅಡಗಿಸಲು 5.5ರಿಂದ 6ರ ತನಕ ತಂದರೆ ಸಾಕು. ಅದಕ್ಕಿಂತ ಮೇಲೆ ಎಳೆದರೆ ಇಂಥ ಮಣ್ಣಿನಲ್ಲಿ ಸತು, ಮ್ಯಾಂಗನೀಸ್, ಬೋರಾನ್ ಸಿಗದಂತೆ ಆಗುತ್ತದೆ. ದುಡ್ಡೂ ದಂಡ. ಪ್ರಮಾಣ ಎಷ್ಟು ಅನ್ನುವುದನ್ನು ಅಂದಾಜಿಗೆ ಬಿಡಬೇಡಿ, ವಿನಿಮಯವಾಗುವ ಅಲ್ಯೂಮಿನಿಯಂ (ಮಣ್ಣಿನ ಕಣದಿಂದ ಬಿಟ್ಟು ಬರುವಂಥದ್ದು) ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಹಾಕಿ.

ಇಲ್ಲೊಂದು ವಿಷಯ ಗಮನಿಸಿ. ಮಣ್ಣಿನ ಪಿಎಚ್ ಏರಿದಂತೆ ಸಿಇಸಿಯೂ ಸ್ವಲ್ಪ ಏರುತ್ತದೆ. ಆಕ್ಸೈಡ್ ಮತ್ತು ಸಾವಯವ ಅಂಶದ ಮೇಲೆ ಪೋಷಕಾಂಶ ಹಿಡಿಯುವ ವಿದ್ಯುದಂಶ ಪಿಎಚ್ ಜೊತೆ ಬದಲಾಗುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಪಿಎಚ್ 7ರ ದ್ರಾವಣ ಬಳಸಿ ಅಳೆದ ಸಿಇಸಿ ಹೊಲದಲ್ಲಿ ನಿಜವಾಗಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹುಳಿ ಮಣ್ಣಿಗೆ ಪರಿಣಾಮಕಾರಿ ಸಿಇಸಿ, ಅಂದರೆ ಮಣ್ಣಿನ ಸ್ವಂತ ಪಿಎಚ್‌ನಲ್ಲಿ ಅಳೆದದ್ದು, ಕೇಳಿ ಪಡೆಯಿರಿ.

ಪಿಎಚ್ ಇಷ್ಟು ಇಳಿಸಿದ ಹುಳಿ ಎಲ್ಲಿಂದ ಬಂತು ಅಂತಲೂ ತಿಳಿಯಬೇಕಲ್ಲ. ಯೂರಿಯಾದ ಒಂದು ಕಿಲೋ ಸಾರಜನಕ ಹುಟ್ಟಿಸುವ ಹುಳಿ ತಟಸ್ಥ ಮಾಡಲು ಸುಮಾರು 1.8 ಕಿಲೋ ಶುದ್ಧ ಸುಣ್ಣದ ಕಲ್ಲಿನ ಪುಡಿ ಬೇಕು ಅನ್ನುವುದು ರೂಢಿಯ ಲೆಕ್ಕ. ಯೂರಿಯಾದಲ್ಲಿ 46% ಸಾರಜನಕ ಇರುವುದರಿಂದ 100 ಕಿಲೋ ಯೂರಿಯಾಕ್ಕೆ 83 ಕಿಲೋ ಹತ್ತಿರ. ಅಷ್ಟೇ ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ ಕೊಟ್ಟರೆ ಸುಮಾರು ಮೂರು ಪಟ್ಟು. ಹೊರಗೆ ಹೋದ ದಂಟಿನ ಜೊತೆ ಪೊಟ್ಯಾಷ್, ಕ್ಯಾಲ್ಸಿಯಂ ಕೂಡ ಹೋಗಿದೆ.

ಆಳದ ಹುಳಿಗೆ ಸುಣ್ಣ ತಲುಪುವುದಿಲ್ಲ, ಅದು ಬಿದ್ದಲ್ಲೇ ಇರುತ್ತದೆ. ಜಿಪ್ಸಮ್ ಕರಗಿ ಕೆಳಗಿಳಿಯುತ್ತದೆ. ಬ್ರೆಜಿಲ್‌ನ ಸೆರಾಡೊ ಬಯಲು ಒಂದು ಕಾಲಕ್ಕೆ ಕೃಷಿಗೆ ಬಾರದು ಅನ್ನಿಸಿಕೊಂಡಿತ್ತು. ಸುಣ್ಣ, ರಂಜಕ, ಜಿಪ್ಸಮ್ ಸರಿಯಾಗಿ ಬಳಸಿ ಅದನ್ನು ದೊಡ್ಡ ಬೆಳೆ ಪ್ರದೇಶ ಮಾಡಿದರು. ಆ ಕೆಲಸಕ್ಕೆ 2006ರಲ್ಲಿ ಮೂವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ರಂಜಕ ಎರಡೂ ಕಡೆ ಕಡಿಮೆ ಇರುವುದು ಆಕ್ಸೈಡ್‌ಗಳ ಕೆಲಸ, ಅವು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಹೊಲವಿಡೀ ಎರಚಬೇಡಿ, ಬೀಜದ ಸಾಲಿನ ಪಕ್ಕ ಕೊಡಿ. ವರದಿಯಲ್ಲಿ ಯಾವ ವಿಧಾನ ಬಳಸಿದ್ದಾರೆ ನೋಡಿ. ಹುಳಿ ಮಣ್ಣಿಗೆ ಬ್ರೇ, ಸುಣ್ಣದ ಮಣ್ಣಿಗೆ ಓಲ್ಸನ್.

ಇನ್ನೊಬ್ಬ ಸದಸ್ಯರು: ನಮ್ಮದು ಕಪ್ಪು ಮಣ್ಣು ಮೇಡಂ. ಇದೇ ಲೆಕ್ಕ ನಮಗೂ ಬರುತ್ತಾ?

ಉತ್ತರ: ಬರುವುದಿಲ್ಲ. ನಿಮ್ಮ ಜೇಡಿಗೇ ಹಿಡಿಯುವ ಶಕ್ತಿ ಇದೆ. ಪಿಎಚ್ ಸಾಮಾನ್ಯವಾಗಿ 7.5ರ ಮೇಲೆ, ಸುಣ್ಣ ಬೇಡವೇ ಬೇಡ. ಒಣಗಿ ಬಿರುಕು ಬಿಟ್ಟು, ನೆಂದು ಹಿಗ್ಗಿ, ಆ ಮಣ್ಣು ತನ್ನನ್ನು ತಾನೇ ಸ್ವಲ್ಪ ಮಟ್ಟಿಗೆ ಸಡಿಲ ಮಾಡಿಕೊಳ್ಳುತ್ತದೆ. ಹಸಿ ಇದ್ದಾಗ ಟ್ರ್ಯಾಕ್ಟರ್ ಇಳಿಸಬೇಡಿ, ನಿಮಗೆ ಮುಖ್ಯ ಅದು. ಹದ ನಾಲ್ಕಾರು ದಿನವಷ್ಟೇ ಸಿಗುತ್ತದೆ.

ಮತ್ತೊಬ್ಬರು: ನಾನು ಉಳುಮೆ ನಿಲ್ಲಿಸಿ ಎರಡು ವರ್ಷ ಆಯಿತು. ಇಂಗಾಲ ಏರಿದೆ ಅಂತ ವರದಿ ಹೇಳುತ್ತದೆ. ನಂಬಬಹುದಾ?

ಉತ್ತರ: ಎಷ್ಟು ಆಳದ ಮಣ್ಣು ಕೊಟ್ಟಿದ್ದಿರಿ? ಉಳುಮೆ ನಿಲ್ಲಿಸಿದಾಗ ಇಂಗಾಲ ಮೇಲಿನ 5 ಸೆಂ.ಮೀ.ನಲ್ಲಿ ಸೇರುತ್ತದೆ, ಕೆಳಗೆ ಕಡಿಮೆಯಾಗುವುದೂ ಉಂಟು. ಬರೀ ಮೇಲಿನ ಪದರ ನೋಡಿದರೆ ಸುಮ್ನೆ ಖುಷಿ ಆಗುತ್ತದೆ. ಕನಿಷ್ಠ 30 ಸೆಂ.ಮೀ. ತನಕ, ಪದರ ಪದರವಾಗಿ ಕೊಡಿ.

ಹೆಕ್ಟೇರಿಗೆ ಇಷ್ಟು ಟನ್ ಅಂತ ಲೆಕ್ಕ ಹಾಕುವವರು ಸಾಂದ್ರತೆಯನ್ನೂ ನೋಡಬೇಕು. ಒಂದು ಹೆಕ್ಟೇರಿನ 15 ಸೆಂ.ಮೀ. ಮಣ್ಣು, ಸಾಂದ್ರತೆ 1.2 ಇದ್ದಾಗ 1800 ಟನ್, 1.4 ಇದ್ದಾಗ 2100 ಟನ್. ಇಂಗಾಲ ಎರಡರಲ್ಲೂ 1% ಇದ್ದರೆ 18 ಟನ್, 21 ಟನ್. ಮಣ್ಣು ಬರೀ ಗಟ್ಟಿಯಾಗಿದ್ದಕ್ಕೆ 3 ಟನ್ ಇಂಗಾಲ ಏರಿದಂತೆ ಕಾಣುತ್ತದೆ. ಸಮ ಆಳಕ್ಕಲ್ಲ, ಸಮ ತೂಕದ ಮಣ್ಣಿಗೆ ಹೋಲಿಸಿ.

ಮೊದಲು ಕೇಳಿದವರು: ಎಲ್ಲ ಒಟ್ಟಿಗೆ ಮಾಡಲು ಆಗುವುದಿಲ್ಲ ಮೇಡಂ. ಈ ಹಂಗಾಮಿನಲ್ಲಿ ಯಾವುದರಿಂದ ಶುರು ಮಾಡಲಿ?

ಉತ್ತರ: ದಂಟು ಹೊಲದಲ್ಲೇ ಬಿಡಿ. ಮೊದಲ ಹೆಜ್ಜೆ ಇದೇ, ಇದಕ್ಕೆ ಬದಲಿ ಇಲ್ಲ. ಹನಿಯ ಏಟು ಮಣ್ಣಿಗೆ ನೇರ ಬೀಳುವುದು ಅಂದೇ ನಿಲ್ಲುತ್ತದೆ. ದಂಟಿನಲ್ಲಿ ಸಾರಜನಕ ಕಡಿಮೆ ಇರುವುದರಿಂದ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ಎಳೆದುಕೊಳ್ಳುತ್ತವೆ. ಶುರುವಿನಲ್ಲಿ ಬೆಳೆ ಹಳದಿಯಾದರೆ ಗಾಬರಿ ಬೇಡ, ಯೂರಿಯಾದ ಮೊದಲ ಕಂತನ್ನು ಸ್ವಲ್ಪ ಮುಂಚೆ ಕೊಡಿ. ಒಟ್ಟು ಪ್ರಮಾಣ ಅಷ್ಟೇ ಇರಲಿ.

ಪರೀಕ್ಷೆ ನೋಡಿ ಸುಣ್ಣ ಹಾಕುವುದಿದ್ದರೆ ಈ ಬಾರಿಯೇ ಮಣ್ಣಿಗೆ ಬೆರೆಸಿ, ಗಟ್ಟಿ ಪದರ ಇದ್ದರೆ ಅದನ್ನೂ ಒಣ ಹದದಲ್ಲಿ ಸೀಳಿಸಿ. ಆಮೇಲೆ ರೋಟವೇಟರ್ ಹೊಡೆಸುವುದನ್ನು ನಿಲ್ಲಿಸಿ. ಎರಡು ಬೆಳೆಯ ನಡುವೆ ಜಾಗ ಖಾಲಿ ಇದ್ದರೆ ಹಸಿರು ಗೊಬ್ಬರಕ್ಕೆ ಸೆಣಬು ಚೆಲ್ಲಿ. ಮುಂದಿನ ಸಲ ಮಣ್ಣು ತೆಗೆಯುವಾಗ ಇದೇ ತಿಂಗಳು, ಇದೇ ಜಾಗ, ಇದೇ ಆಳ, ಸಾಧ್ಯವಾದರೆ ಇದೇ ಪ್ರಯೋಗಾಲಯ. ಜೊತೆಗೆ ಆ ಎರಡು ಲೋಟದ ಪರೀಕ್ಷೆ ಪ್ರತಿ ಹಂಗಾಮಿಗೂ ಮಾಡಿ ಇಲ್ಲಿ ಹಾಕಿ. ಇಂಗಾಲದ ಸಂಖ್ಯೆ ಅಲ್ಲಾಡುವುದಕ್ಕೆ ಮುಂಚೆಯೇ ಹೆಂಟೆ ನೀರಿನಲ್ಲಿ ನಿಲ್ಲಲು ಶುರು ಮಾಡುತ್ತದೆ.