ಬೆಂಗಳೂರಿನ ಫ್ಲ್ಯಾಟಲ್ಲಿ ಹಸ್ಕಿ ಸಾಕಬಹುದಾ?

ಜಯನಗರದ_ಹುಡುಗ: ತಮ್ಮ ಹಸ್ಕಿ ನಾಯಿಮರಿ ಬೇಕು ಅಂತ ಹಟ ಹಿಡಿದಿದ್ದಾನೆ. ಹಗಲು ಮನೆಯಲ್ಲಿ ಅಮ್ಮ ಒಬ್ಬರೇ. ಏಪ್ರಿಲ್ ಬಿಸಿಲಿಗೆ ಕೂದಲು ಬೋಳಿಸಿದರೆ ಸಾಕು ಅಂತಾನೆ, ನಿಜಾನಾ?

ಶ್ವಾನಮಿತ್ರ: ಬೋಳಿಸಲೇಬೇಡಿ. ಅದಕ್ಕೆ ಎರಡು ಪದರದ ಕೂದಲು, ಮೇಲಿನದು ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ, ಒಮ್ಮೆ ಬೋಳಿಸಿದರೆ ಮತ್ತೆ ಮೊದಲಿನಂತೆ ಬೆಳೆಯದೆಯೂ ಇರಬಹುದು. ದಿನಾ ಬಾಚಿ. ಉದುರುವ ಕಾಲದಲ್ಲಿ ಸೋಫಾ, ಸೀರೆ, ಚಪಾತಿ ಹಿಟ್ಟು ಎಲ್ಲದರಲ್ಲೂ ಕೂದಲೇ. ನಮ್ಮ ಪಕ್ಕದ ಮನೆಯ ಹಸ್ಕಿ ಮಧ್ಯಾಹ್ನ ಪೂರ್ತಿ ಬಚ್ಚಲುಮನೆ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗಿರುತ್ತದೆ, ಪಾಪ.

ಮಲ್ಲೇಶ್ವರಂ_ಅಂಕಲ್: ಬಿಸಿಲಿಗಿಂತ ದೊಡ್ಡ ತಲೆನೋವು ಓಟ ಕಣಪ್ಪಾ. ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯೋಕೆ ಬೆಳೆಸಿದ ನಾಯಿಗಳಿಂದ ಬಂದ ತಳಿ ಇದು. ಆ ಬಂಡಿಗೆ ಲಗಾಮೇ ಇಲ್ಲ. ಮುಂದಿನ ನಾಯಿ ಒಡೆಯನ ಕೂಗು ಕೇಳಿಯೇ ತಿರುಗಬೇಕು, ಹಿಮ ಬಿರುಕು ಬಿಟ್ಟಿದ್ದರೆ ಮಾತು ಮೀರಿ ನಿಲ್ಲಲೂಬೇಕು. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಡಿಫ್ತೀರಿಯಾ ಔಷಧ ಮುಟ್ಟಿಸಿದ್ದು ಇಂಥ ನಾಯಿಗಳೇ. ಹೆಸರು ಬಂದಿದ್ದು ಬಾಲ್ಟೋ ಅನ್ನೋ ನಾಯಿಗೆ, ಆದರೆ ಎಲ್ಲಕ್ಕಿಂತ ಉದ್ದದ ದಾರಿ ಓಡಿದ್ದು ಬಂಡಿ ಓಡಿಸುತ್ತಿದ್ದ ಲಿಯೊನಾರ್ಡ್ ಸೆಪ್ಪಾಲನ ನಾಯಿ ಟೋಗೋ. ಆಗ ಅದಕ್ಕೆ 12 ವರ್ಷ! ಅಂಥ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಊಳಿಡದೆ ಇನ್ನೇನು ಮಾಡೀತು?

ಜಯನಗರದ_ಹುಡುಗ: ಅಂಕಲ್, ಕಾವಲಿಗಾದರೂ ಆಗುತ್ತಾ?

ಶ್ವಾನಮಿತ್ರ: ಕಳ್ಳನಿಗೂ ಬಾಲ ಅಲ್ಲಾಡಿಸುವ ಜಾತಿ ಅದು.

ಬಾಗಲಕೋಟೆ_ಕಡೆಯವ: ನಮ್ಮ ಮುಧೋಳ ನಾಯಿ ನೋಡ್ರಿ. ಮೈಗೆ ಸಣ್ಣ ಕೂದಲು, ಇಲ್ಲಿನ ಸೆಕೆ ತಡೀತದ. ಸೇನೆಯವರೂ ಒಯ್ದು ತರಬೇತಿ ಕೊಟ್ಟಾರ. ಆದ್ರ ಅದಕ್ಕೂ ಓಡಾಕ ಜಾಗ ಬೇಕ್ರಿ.

ಶ್ವಾನಮಿತ್ರ: ಬೆಳಿಗ್ಗೆ ಆರಕ್ಕೆ ಎದ್ದು ಓಡಿಸೋರು ಯಾರು, ತಮ್ಮನಾ ಅಮ್ಮನಾ? ಮೊದಲು ಅದನ್ನು ಕೇಳಿ.